ಸೊನ್ನೆಗೆ ಬೆಲೆ ಕಟ್ಟಿದ ಶುಭಾಂಗಿ

ಶುಭಾಂಗಿ ಕಾಂಬಳೆ ನಡೆಯುವುದನ್ನು ಮೊದಲ ಸಲ ನೋಡಿದವರು, ಈ ಹೆಣ್ಣುಮಗಳು ಭೂಮಿಯ ಮೇಲೆ ನಡೆಯುತ್ತಿಲ್ಲ, ಭೂಮಿಯನ್ನು ಅಳೆದು ಯಾರಿಗೋ ಮಾರುತ್ತಿದ್ದಾಳೆ ಎಂದೇ ತಿಳಿಯುತ್ತಾರೆ. ಒಂದು ಹೆಜ್ಜೆ ಇನ್ನೊಂದಕ್ಕಿಂತ ಕೂದಲೆಳೆಯಷ್ಟೂ ಉದ್ದವಲ್ಲ, ಗಿಡ್ಡವಲ್ಲ. ರಾಯಬಾಗದ ಬಸ್‌ಸ್ಟ್ಯಾಂಡಿನಲ್ಲಿ ನಾಯಿ ಬೆನ್ನಟ್ಟಿದಾಗಲೂ ಆ ಗತಿ ಬದಲಾಗದೆ, ಕೊನೆಗೆ ನಾಯಿಯೇ ನಾಚಿ ಅವಳ ತಾಳಕ್ಕೆ ಕಾಲು ಹಾಕಿತೆಂದು ನಾನು ನಾಲ್ಕು ಜನರ ಮುಂದೆ ಹೇಳಿದ್ದೇನೆ. ನಾಲ್ವರಲ್ಲಿ ಮೂವರು ನಂಬಿದ್ದಾರೆ. ಕೊರಳಲ್ಲಿ, ಓಟದ ಪಂದ್ಯದ ಮಾಸ್ತರರಂತೆ, ಒಂದು ಸ್ಟಾಪ್‌ವಾಚು. ಮೈಮೇಲೆ, ಚೈತ್ರದ ಬಿಸಿಲಿರಲಿ ಮಾಗಿಯ ಚಳಿಯಿರಲಿ, ಸೀರೆಯ ಮೇಲೊಂದು ಬೂದಿಬಣ್ಣದ ಗಂಡಸರ ಕೋಟು. ದರ್ಜಿಯಿಂದ ಅದಕ್ಕೆ ಹೊಲಿಸಿಕೊಂಡ ಹೆಚ್ಚಿನ ಕಿಸೆಗಳು ನನ್ನ ಲೆಕ್ಕಕ್ಕೆ ಹದಿನಾಲ್ಕು, ಅವಳ ಲೆಕ್ಕಕ್ಕೆ ಆರು. ಲೆಕ್ಕದಲ್ಲಿ ಯಾವಾಗಲೂ ಅವಳದೇ ಖರೆಯಾಗುತ್ತದೆ. ನನ್ನ ಹೊಟ್ಟೆಯುರಿಯ ಉಗಮಸ್ಥಾನ ಇದೇ.

ಹೊಟ್ಟೆಯುರಿ ಎಂಬುದನ್ನು ಅಲಂಕಾರಕ್ಕೆಂದು ಬರೆಯುತ್ತಿಲ್ಲ. ಚಿಕ್ಕೋಡಿಯ ಡಾಕ್ಟರು ಅದಕ್ಕೆ ಆಮ್ಲಪಿತ್ತವೆಂದು ನಾಮಕರಣ ಮಾಡಿ ಗುಳಿಗೆ ಕೊಟ್ಟಿದ್ದಾರೆ. ಶುಭಾಂಗಿಯನ್ನು ಯಾರಾದರೂ ಹೊಗಳಿದ ದಿನ ಎರಡು ನುಂಗಿದರೂ ಸಾಲದು. ತಾಲೂಕಿನ ಆರೋಗ್ಯ ಕಚೇರಿಯಲ್ಲಿ ಮೂವತ್ತೊಂದು ವರ್ಷ ಅಂಕಿಸಂಖ್ಯೆಗಳ ಗುಮಾಸ್ತನಾಗಿದ್ದ ರಾವಸಾಹೇಬ ನಾನು. ಗುತ್ತಿಗೆಯ ಮೇಲೆ ಕಂಪ್ಯೂಟರ್ ಬಡಿಯಲು ಬಂದ ಅವಳಿಗೆ ಫಾರ್ಮು ತುಂಬುವುದನ್ನು ಕಲಿಸಿದವನೂ ನಾನೇ. ನಾನು ನಿವೃತ್ತನಾದ ಮೇಲೆ, ಎಂಟು ದೇಶಗಳಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ಕಾರ್ಯಕ್ರಮ ನಡೆಸಲು ನಿಜಕ್ಕೂ ಎಷ್ಟು ಖರ್ಚು ಬೀಳುತ್ತದೆಂದು ಅಂದಾಜು ಮಾಡುವ ಅಧ್ಯಯನವೊಂದು ನಮ್ಮ ಸೀಮೆಗೂ ಬಂದು, ಇಲ್ಲಿಯವರೇ ಒಬ್ಬರು ಬೇಕೆಂದಾಗ ನಾನೂ ಅರ್ಜಿ ಹಾಕಿದೆ, ಅವಳೂ ಹಾಕಿದಳು. ಒಂದು ಕೂಸಿಗೆ ಲಸಿಕೆ ಮುಟ್ಟಿಸಲು ಎಷ್ಟು ಖರ್ಚು ಎಂದು ಸಂದರ್ಶನದಲ್ಲಿ ಕೇಳಿದರು. ನಾನು ಪೈಸೆ ಸಮೇತ ಹೇಳಿದೆ. ಅವಳು, “ಗೊತ್ತಿಲ್ರಿ, ಲಸಿಕಿ ಹಿಂದ ಹೋಗಿ ನೋಡಿ ಹೇಳಬೇಕಾಗ್ತೈತಿ” ಎಂದಳಂತೆ. ಗೊತ್ತಿಲ್ಲದವಳನ್ನೇ ಆರಿಸಿಕೊಂಡರು.

ನನ್ನ ಕೀರ್ತಿಯನ್ನೂ ಒಂದಿಷ್ಟು ಹೇಳದಿದ್ದರೆ ಈ ಅನ್ಯಾಯದ ಆಳ ತಿಳಿಯಲಿಕ್ಕಿಲ್ಲ. ಕಬ್ಬು ಕಡಿಯಲು ಬರುವ ಗ್ಯಾಂಗುಗಳ ಮಕ್ಕಳಿಗೆಂದು ನಡೆಯುವ ಲಸಿಕೆಯ ಕ್ಯಾಂಪಿಗೆ ಸಾಗಣೆಯ ಖರ್ಚೆಂಬ ಕಾಲಂನಲ್ಲಿ ಹತ್ತೊಂಬತ್ತು ವರ್ಷ ಬಿಡದೆ ಸೊನ್ನೆ ಬರೆದವನು ನಾನು. ಇಷ್ಟು ಅಗ್ಗದ ಕ್ಯಾಂಪು ಎಲ್ಲಿಯೂ ಇಲ್ಲವೆಂದು ಮೇಲಿನವರು ಕರೆದು ಶಾಲು ಹೊದಿಸಿದರು. ಈಗಲೂ ಅದನ್ನು ಹೊದ್ದುಕೊಂಡರೆ ಅಭಿಮಾನದಿಂದ ಮೈ ಬೆಚ್ಚಗಾಗುತ್ತದೆ. ಅದು ಪಾಲಿಯೆಸ್ಟರಿನ ಗುಣವೆಂದು ನನ್ನ ಹೆಂಡತಿ ಸಾವಿತ್ರೆವ್ವ ಹೇಳುತ್ತಾಳೆ.

ಹೊಸ ನೌಕರಿ ಹಿಡಿದ ಮೇಲೆ ಶುಭಾಂಗಿ ನನ್ನ ಹಳೆಯ ಕಡತಗಳ ವಿವರ ಕೇಳಲು ಮನೆಗೆ ಬರತೊಡಗಿದಳು. ಕೂತ ಕುರ್ಚಿ ಎಷ್ಟು ವರ್ಷ ಬಾಳೀತು, ಅದರ ಬೆಲೆಯನ್ನು ಅಷ್ಟು ವರ್ಷಗಳ ಮೇಲೆ ಹರವಿದರೆ ಇವತ್ತಿನ ಒಂದು ಕೂಡ್ರುವಿಕೆಗೆ ಎಷ್ಟು ಬಿತ್ತು, ಹೀಗೆ ಅವಳ ವಿಚಾರ. ಅವಳ ಕಣ್ಣು ಬಿದ್ದ ಮೇಲೆ ನಮ್ಮ ಮನೆಯ ಕುರ್ಚಿಗಳು ತಮ್ಮ ಆಯುಷ್ಯ ನೆನೆದು ಕಿರುಗುಟ್ಟುವುದನ್ನು ನಾನೇ ಕೇಳಿದ್ದೇನೆ. ಒಂದು ದಿನ ಸಾವಿತ್ರೆವ್ವ ಚಹಾ ತಂದಿಟ್ಟಾಗ ಕೊರಳಿನ ಗಡಿಯಾರ ನೋಡಿ, “ಕಾಕೂ, ಹನ್ನೊಂದ ಮಿನಿಟ ಹಿಡೀತು. ಕಾಕಾ ಇದನ್ನ ಏನಂತ ಬರೀತಾರ?” ಎಂದಳು.

“ಪುಕಟ ಅಂತ ಬರೀತಾರವಾ,” ಎಂದಳು ಸಾವಿತ್ರೆವ್ವ. “ಮೂವತ್ತೆಂಟ ವರ್ಷ ಆತು, ಒಂದ ಸೊನ್ನಿ ಬಿಟ್ರ ಮತ್ತೇನೂ ಬರದಿಲ್ಲ.”

ಇಬ್ಬರೂ ನಕ್ಕರು. ನನ್ನ ಮನೆಯಲ್ಲಿ, ನನ್ನ ಚಹಾ ಕುಡಿಯುತ್ತ, ನನ್ನ ಹೆಂಡತಿಯನ್ನೇ ಅವಳು ತನ್ನ ಪಕ್ಷಕ್ಕೆ ಎಳೆದುಕೊಂಡಳು. ಅಂದು ಮೂರು ಗುಳಿಗೆ ಬೇಕಾದವು.

ವಾರಕ್ಕೊಮ್ಮೆ ಎಂಟೂ ದೇಶದವರು ಕಂಪ್ಯೂಟರಿನ ಪರದೆಯ ಮೇಲೆ ಒಟ್ಟಿಗೆ ಕೂಡುತ್ತಿದ್ದರು. ಶುಭಾಂಗಿಯ ಇಂಗ್ಲಿಷು ಮೂರು ಕಾಲಿನ ಮಣೆಯಂಥದು, ಅಲುಗಾಡುತ್ತಿತ್ತೇ ಹೊರತು ಬೀಳುತ್ತಿರಲಿಲ್ಲ. ಅದರಿಂದ ಅವಳು ಹೆಕ್ಕಿ ತಂದ ಸುದ್ದಿಯೆಂದರೆ, ನೇಪಾಳದವರು ಗುಡ್ಡ ಹತ್ತಿ ಲಸಿಕೆಯ ಪೆಟ್ಟಿಗೆ ಹೊರುವವನ ಕೂಲಿ ಲೆಕ್ಕಕ್ಕೆ ಹಿಡಿಯುತ್ತಾರೆ, ಮಲಾವಿಯವರು ಸೈಕಲ್ಲಿನ ಸವಕಳಿ ಹಿಡಿಯುತ್ತಾರೆ. “ಕಾಕಾ, ಎಂಟ ದೇಶದಾಗ ಪೆಟಗಿ ತಾನ ನಡಕೊಂಡ ಹೋಗೂದು ನಮ್ಮಲ್ಲೆ ಅಷ್ಟ,” ಎಂದಳು. ನನ್ನ ಸೊನ್ನೆ ಅಂತರರಾಷ್ಟ್ರೀಯ ಮಟ್ಟ ಮುಟ್ಟಿತಲ್ಲ ಎಂದು ಅರೆಕ್ಷಣ ಹಿಗ್ಗಿ, ಆಮೇಲೆ ಕುಗ್ಗಿದೆ.

ಆ ಪೆಟ್ಟಿಗೆ ಹೇಗೆ ಹೋಗುತ್ತಿತ್ತೆಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಶೇಡಬಾಳದ ಆಚೆ, ಕಬ್ಬಿನ ಒಣ ಸೋಗೆಯಾದ ರವದಿಯಿಂದ ಗುಡಿಸಲು ಹಾಕಿಕೊಂಡ ಗ್ಯಾಂಗಿನವರಲ್ಲಿಗೆ ಅದನ್ನು ಒಯ್ಯುವವಳು ಆಶಾ ಕಾರ್ಯಕರ್ತೆ ತುಳಸವ್ವ. ಅದರೊಳಗಿನ ಬರ್ಫ ಗಟ್ಟಿಯಾಗುವುದು ದ್ರಾಕ್ಷಿ ತೋಟದ ಕಸ್ತೂರೆವ್ವನ ಮನೆಯ ಫ್ರಿಜ್ಜಿನಲ್ಲಿ. ದಾರಿ ಸಾಗುವುದು, ಕಾರ್ಖಾನೆಗೆ ಕಬ್ಬು ಇಳಿಸಿ ಖಾಲಿ ಬರುವ ದುಂಡೇಶನ ಟ್ರ್ಯಾಕ್ಟರಿನ ಮೇಲೆ. ನಮ್ಮ ಭಾಗದಲ್ಲಿ ಕೈಮಾಡಿದರೆ ನಿಲ್ಲದ ಟ್ರ್ಯಾಕ್ಟರು ಟ್ರ್ಯಾಕ್ಟರೇ ಅಲ್ಲ. ಅದಕ್ಕೆ ಯಾರೂ ಬಾಡಿಗೆ ಕೇಳುವುದಿಲ್ಲ, ಕೊಟ್ಟರೆ ಸಿಟ್ಟಾಗುತ್ತಾರೆ. ಉಪಕಾರದ ಮೇಲೆ ಉಪಕಾರ ಪೇರಿಸಿದ ಈ ಗೋಪುರಕ್ಕೆ ನಾನು ಸೊನ್ನೆಯೆಂಬ ಕಳಸವಿಟ್ಟಿದ್ದೆ.

ಮಾರ್ಚ್ ತಿಂಗಳ ಒಂದು ಕ್ಯಾಂಪಿನ ದಿನ, ಪೆಟ್ಟಿಗೆಯ ಬೆನ್ನುಹತ್ತಿದ ಶುಭಾಂಗಿಯ ಜೊತೆ ನಾನೂ ಹೋಗಿದ್ದೆ. ನೆರವಾಗಲೆಂದು ಬಾಯಿಂದ ಹೇಳಿ, ಸೋಲಲೆಂದು ಮನಸ್ಸಿನಲ್ಲಿ ಬಯಸಿ. ಹಿಂದಿನ ದಿನವೆಲ್ಲ ಕರೆಂಟಿಲ್ಲದೆ ಕಸ್ತೂರೆವ್ವನ ಫ್ರಿಜ್ಜಿನಲ್ಲಿ ಬರ್ಫ ಅರೆಬರೆ ಗಟ್ಟಿಯಾಗಿತ್ತು. ತುಳಸವ್ವನ ಜೊತೆ ರಸ್ತೆಯ ಬದಿಗೆ ನಿಂತು ಒಂದು ತಾಸು ಐವತ್ತು ಮಿನಿಟು ಕಾಯ್ದ ಮೇಲೆ ದುಂಡೇಶನ ಫೋನು ಬಂತು: “ತುಳಸಕ್ಕಾ, ಕಾರ್ಖಾನಿ ಗೇಟಿನಾಗ ಪಾಳಿ ಹಚ್ಚೇನಿ. ನನ್ನ ಮುಂದ ಇನ್ನಾ ನಲವತ್ತ ಗಾಡಿ ಅದಾವ. ಇವತ್ತ ನನ್ನ ಆಸೆ ಬಿಡ.”

ತುಳಸವ್ವ ಸಿಂಬಿ ಸುತ್ತಿ ಪೆಟ್ಟಿಗೆ ತಲೆಗೇರಿಸಿದಳು. “ನಡೀರಿ. ಕಾಲಿಗೇನ ಡೀಸೆಲ್ ಬೇಕಾಗೈತಿ?”

ಏಳು ಕಿಲೋಮೀಟರು. ನನ್ನ ಮೊಣಕಾಲು ಒಪ್ಪದೆ ನಾನು ಬೇವಿನ ನೆರಳಲ್ಲಿ ಉಳಿದೆ. ಶುಭಾಂಗಿ ಆ ಕೋಟು ಹಾಕಿಕೊಂಡೇ ಅವಳ ಹಿಂದೆ ಹೋದಳು. ಮುಂದಿನದನ್ನು ನನಗೆ ಹೇಳಿದವಳು ತುಳಸವ್ವ. ಗುಡಿಸಲುಗಳ ಹತ್ತಿರ ಇಪ್ಪತ್ಮೂರು ಕೂಸುಗಳನ್ನು ಎತ್ತಿಕೊಂಡು, ಕೆಲಸ ಬಿಟ್ಟು ತಾಯಂದಿರು ನಿಂತಿದ್ದರು. ತನ್ನ ಹಳ್ಳಿಯಿಂದ ನೇರವಾಗಿ ಅಲ್ಲಿಗೆ ಬಂದಿದ್ದ ನರ್ಸ್ ಉಜ್ವಲಾ ಪೆಟ್ಟಿಗೆ ತೆರೆದಳು. ಬರ್ಫೆಲ್ಲ ಬೆಚ್ಚನೆಯ ನೀರು. ಥರ್ಮಾಮೀಟರು ನೋಡಿ ಮುಚ್ಚಳ ಹಾಕಿ, “ಇದನ್ನ ಹಾಕಾಕ ಬರೂದಿಲ್ಲ ಅಕ್ಕಾ” ಎಂದಳು. ಮರುದಿನ ನಸುಕಿಗೆ ಗ್ಯಾಂಗು ಪಾತ್ರೆಪಗಡೆ ಕಟ್ಟಿಕೊಂಡು ರಾಜ್ಯದ ಗಡಿ ದಾಟಿ ಹೋಯಿತು. ಆ ಕೂಸುಗಳಿಗೆ ಎಲ್ಲಿಯಾದರೂ ಲಸಿಕೆ ಸಿಕ್ಕಿತೋ ಇಲ್ಲವೋ ತುಳಸವ್ವನಿಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದರೆ ಮುಖ ತಿರುಗಿಸುತ್ತಾಳೆ.

ಮೇ ತಿಂಗಳಲ್ಲಿ ಚಿಕ್ಕೋಡಿಯಲ್ಲಿ ಆರೋಗ್ಯ ಇಲಾಖೆಯ ಸಾಹೇಬರ ಮುಂದೆ ಈ ಲೆಕ್ಕದ ಸಭೆ. ಹಳೆಯ ದಾಖಲೆಯ ವಾರಸುದಾರನೆಂದು ನನ್ನನ್ನೂ ಕರೆದಿದ್ದರು. ತುಳಸವ್ವ ಹಿಂದಿನ ಬೆಂಚಿನಲ್ಲಿದ್ದಳು. ಕಾಯ್ದ ಹೊತ್ತು, ನಡೆದ ದಾರಿ, ಕಸ್ತೂರೆವ್ವನ ಕರೆಂಟು, ದುಂಡೇಶನ ಡೀಸೆಲ್ಲು ಎಲ್ಲವನ್ನೂ ಹಿಡಿದ ಶುಭಾಂಗಿಯ ಅಂದಾಜು ನನ್ನ ಅಂಕಿಯ ಒಂಬತ್ತು ಪಟ್ಟಾಗಿತ್ತು. ಸಾಹೇಬರು ಕನ್ನಡಕ ತೆಗೆದು, “ಇಷ್ಟ ತುಟ್ಟಿ ಇದ್ರ ಈ ಕ್ಯಾಂಪ ಬಂದ್ ಮಾಡೂದ ಛಲೋ. ತಾಯಂದಿರು ಕೂಸ ತಗೊಂಡ ಆಸ್ಪತ್ರಿಗೆ ಬರಲಿ,” ಎಂದರು.

ತಪ್ಪೊಪ್ಪಿಕೊಳ್ಳುತ್ತೇನೆ, ಆ ಕ್ಷಣ ನನ್ನ ಹೊಟ್ಟೆ ತಣ್ಣಗಾಯಿತು. ತಿರುಗಿ ನೋಡಿದರೆ ತುಳಸವ್ವ ಬಾಯಿಗೆ ಸೆರಗು ಹಚ್ಚಿಕೊಂಡು ಕುಳಿತಿದ್ದಳು.

ಶುಭಾಂಗಿ ಒಂದು ಹಾಳೆ ತಿರುವಿದಳು. “ಅದನ್ನೂ ಲೆಕ್ಕ ಹಾಕೇನ್ರಿ ಸರ್. ತಾಯಿ ಒಂದ ದಿನದ ಕೂಲಿ ಬಿಡ್ತಾಳ, ಹೋಗಿ ಬಂದು ಹದಿನಾಲ್ಕ ಕಿಲೋಮೀಟರ ನಡೀತಾಳ. ಅದು ಇದಕ್ಕಿಂತಾ ತುಟ್ಟಿ ಐತ್ರಿ. ಬರೇ ನಿಮ್ಮ ಕಾಗದದಾಗ ಕಾಣೂದಿಲ್ಲ, ಆಕಿ ಹೊಟ್ಟಿ ಮ್ಯಾಲ ಬೀಳ್ತೈತಿ.”

ಸಾಹೇಬರು, ಸಿಟ್ಟಾಗಲು ಯಾರಾದರೂ ಸಿಗುತ್ತಾರೇನೆಂದು ಹಳೆಯ ಕಡತ ತೆರೆದರು, ಅಲ್ಲಿ ನಾನು ಸಿಕ್ಕೆ. “ರಾವಸಾಹೇಬ್ರ, ಹತ್ತೊಂಬತ್ತ ವರ್ಷ ಸೊನ್ನಿ ಬರ್ದೀರಿ. ಸುಳ್ಳ ಬರ್ದಿದ್ರೇನು?”

ನಾನು ಗುಳಿಗೆಗಾಗಿ ಕಿಸೆಗೆ ಕೈ ಹಾಕಿದೆ. ಮಾತಾಡಿದವಳು ಶುಭಾಂಗಿ. “ಸುಳ್ಳಲ್ರಿ. ಸರ್ಕಾರ ಕೊಟ್ಟ ರೊಕ್ಕ ಎಷ್ಟು ಅಂತ ಆ ಫಾರ್ಮಿನಾಗ ಕೇಳಿದ್ರು, ಕೊಟ್ಟದ್ದು ಸೊನ್ನೀನ. ತುಳಸವ್ವ ಕೊಟ್ಟದ್ದನ್ನ ಬರಿಯಾಕ ಅದರಾಗ ಜಾಗಾ ಇದ್ದಿದ್ದಿಲ್ಲ.”

ಎಲ್ಲರೆದುರು ನನ್ನ ಮಾನ ಕಳೆದಿದ್ದರೆ ನೆಮ್ಮದಿಯಿಂದ ದ್ವೇಷಿಸಿಕೊಂಡಿರುತ್ತಿದ್ದೆ. ಆ ಸುಖವನ್ನೂ ಅವಳು ಕೊಡಲಿಲ್ಲ. ಅವಳ ದಯೆಯಲ್ಲೂ ಒಂದು ಗುಂಜಿ ಹೆಚ್ಚುಕಡಿಮೆ ಇರಲಿಲ್ಲ.

ಕ್ಯಾಂಪು ಉಳಿಯಿತು. ಮುಂದಿನ ಸುಗ್ಗಿಯಿಂದ ತಿಂಗಳಿಗೆ ಎರಡು ದಿನ ಬಾಡಿಗೆ ಜೀಪು ಮಂಜೂರಾಗಿ, ಆ ಎರಡು ದಿನಕ್ಕೆ ತುಳಸವ್ವನಿಗೆ ಕೂಲಿಯೂ ಬಂತು. ಹೆಚ್ಚೇನೂ ಅಲ್ಲ. ಮೊದಲ ದಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಹೋಗಿ ಇಳಿದ ತುಳಸವ್ವ, “ಇಷ್ಟ ಲಗೂನ ಮುಟ್ಟಿದ್ರ ಉಳಿದ ಹೊತ್ತಿಗೆ ಏನ ಮಾಡ್ಲಿ ಬೇ?” ಎಂದು ಕೇಳಿದಳಂತೆ.

“ಕುಂಡ್ರು ಮಾವಶಿ,” ಎಂದಳಂತೆ ಶುಭಾಂಗಿ, ಗಡಿಯಾರ ನೋಡದೆ.

ಉಪಕಾರವನ್ನು ಹಾಡಿ ಹೊಗಳುವವರು ಊರಿಗೆ ನೂರು ಮಂದಿ ಸಿಗುತ್ತಾರೆ. ಹಾಡಿದಷ್ಟೂ ಅದು ಪುಕ್ಕಟೆಯಾಗಿಯೇ ಉಳಿಯುತ್ತದೆಂಬ ಗುಟ್ಟು ನಮಗೆ ಚೆನ್ನಾಗಿ ಗೊತ್ತು. ಉಪಕಾರ ಮಾಡುವವಳ ಬೆನ್ನ ಹಿಂದೆ ಮಾರ್ಚಿನ ಬಿಸಿಲಿನಲ್ಲಿ ನಡೆದುಹೋಗಿ, ಹೊರೆ ಎಷ್ಟು ಭಾರವೆಂದು ನೋಡಿ ಬರುವವರು ಅಪರೂಪ. ಅವರನ್ನು ಜನ ಜಿಪುಣರೆನ್ನುತ್ತಾರೆ, ಎಲ್ಲದಕ್ಕೂ ಬೆಲೆ ಕಟ್ಟುವವರೆನ್ನುತ್ತಾರೆ. ನಾನು ಇದಕ್ಕಿಂತ ಕೆಟ್ಟದ್ದನ್ನೂ ಅಂದಿದ್ದೇನೆ. ಇಂಥವರನ್ನು ಮನಸಾರೆ ಮೆಚ್ಚಬೇಕೆಂದರೆ, ನಾವು ಬೇವಿನ ನೆರಳಲ್ಲಿ ಕಳೆದ ವರ್ಷಗಳನ್ನೆಲ್ಲ ಮೊದಲಿನಿಂದ ಬಿಚ್ಚಿ ನೋಡಬೇಕಾಗುತ್ತದೆ. ಅಷ್ಟು ಖರ್ಚನ್ನು ನನ್ನ ವಯಸ್ಸು ತಾಳಲಾರದು. ಮತ್ಸರ ಅದಕ್ಕಿಂತ ಅಗ್ಗ.