ಹಸಿರಾಗದ ಜ್ವಾಲೆ

ಅಮ್ಮ ಫೋನಿನಲ್ಲಿ ಹೇಳಿದ್ದು ಮಾಮೂಲಿ ಮಾತಿನಂತೆಯೇ ಇತ್ತು. "ನಾನು ಕಣ್ಣಾಸ್ಪತ್ರೇಲಿದೀನಿ. ನಿಮ್ಮಪ್ಪಂಗೆ ಇವತ್ತು ಊಟಾನೂ ಬೇಡ್ವಂತೆ. ಕಾರಿನ ಎಸಿ ತಣ್ಣಗಾಗ್ತಿಲ್ಲ ಅಂತ ಶೆಡ್ ಸೇರ್ಕೊಂಡಿದಾರೆ. ಆ ಹಾಳು ದೀಪ ಬೇರೆ ಅಟ್ಟದಿಂದ ಇಳಿಸಿದಾರೆ."

ಮಗಳು ಗ್ಯಾರೇಜಿನಲ್ಲಿದ್ದಳು. ಕೈಯಲ್ಲಿದ್ದ ಸ್ಪ್ಯಾನರನ್ನು ಅಲ್ಲೇ ಎಸೆದು ಸ್ಕೂಟರಿನ ಕಡೆಗೆ ಓಡಿದಳು.

ಅಪ್ಪನಿಗೆ ಗ್ಯಾರೇಜಿನವರೆಲ್ಲ ಇಟ್ಟ ಹೆಸರು ದೀಪದ ಮಾಸ್ತರು. ಎಸಿಯ ಪೈಪುಗಳ ಉದ್ದಕ್ಕೂ ಆ ದೀಪದ ಸಣ್ಣ ಜ್ವಾಲೆ ಹಿಡಿದುಕೊಂಡು ಹೋಗುವುದು, ಗ್ಯಾಸ್ ಸೋರುವ ಕಡೆ ಜ್ವಾಲೆ ಹಸಿರಾಗುವುದು: ನಲವತ್ತು ವರ್ಷ ಅವರು ಉಂಡ ಅನ್ನ ಅದು. ಜ್ವಾಲೆ ಅಲುಗಬಾರದೆಂದು ಬಾಗಿಲು, ಕಿಟಕಿ ಎಲ್ಲ ಬಿಗಿಯಾಗಿ ಮುಚ್ಚುತ್ತಿದ್ದರು. ಹಳೇ ಗ್ಯಾಸಿಗೆ ಬೆಂಕಿ ಹತ್ತುತ್ತಿರಲಿಲ್ಲ, ನಡೆಯಿತು. ಈಗ ಆ ಗ್ಯಾಸ್ ಎಲ್ಲೂ ಸಿಗುವುದಿಲ್ಲ. ಅಪ್ಪನ ಕಸುಬನ್ನು ಮುಂದುವರಿಸಿದ ಮಗಳು ಎರಡು ತಿಂಗಳ ಹಿಂದೆ ಅವರ ಮುದಿ ಕಾರಿಗೆ ಬದಲಿ ಗ್ಯಾಸ್ ತುಂಬಿದ್ದಳು. ಅದು ಬೆಂಕಿ ಹತ್ತುವ ಜಾತಿಯದು.

ಯಾವ ಗ್ಯಾಸ್, ಬೆಂಕಿ ಹತ್ತುತ್ತದೆ ಎಂದು ಚೀಟಿಯನ್ನೂ ಬರೆದಿದ್ದಳು. ಅದನ್ನು ಬಾನೆಟ್ಟಿನ ಒಳಗೆ ಅಂಟಿಸಬೇಕು, ಮುಂದೆ ಕೈ ಹಾಕುವವರಿಗೆ ಗೊತ್ತಾಗಬೇಕು ಎಂದು ಕಲಿಸಿದ್ದೇ ಅಪ್ಪ. ಅಷ್ಟರಲ್ಲಿ ಅವರು ತಣ್ಣನೆ ಗಾಳಿಗೆ ಮುಖವೊಡ್ಡಿ, "ಎಲ್ಲಿ ಸಿಕ್ತೇ ಇದು? ಹಳೇ ಗ್ಯಾಸ್ ಅಂದ್ರೆ ಹಳೇ ಗ್ಯಾಸೇ ಬಿಡು!" ಎಂದು ಮಗುವಿನ ಹಾಗೆ ನಕ್ಕರು. ಬದಲಿ ಗ್ಯಾಸೆಂದರೆ ಉರಿದುಬೀಳುವ ಮನುಷ್ಯ. ನಿಜ ಹೇಳಲು ಅವಳಿಗೆ ಬಾಯಿ ಬರಲಿಲ್ಲ, ಚೀಟಿ ಪರ್ಸು ಸೇರಿತು. ಒಳ್ಳೆಯತನವಂತೆ, ಸುಡುಗಾಡು ಒಳ್ಳೆಯತನ!

ಸಿಗ್ನಲ್ಲಿನಲ್ಲಿ ನಿಂತು ನಾಲ್ಕು ಸಲ ಫೋನ್ ಮಾಡಿದಳು. ಅಪ್ಪನ ಫೋನ್ ಎಂದಿನಂತೆ ಅಡುಗೆಮನೆಯಲ್ಲಿ ಬಡಿದುಕೊಳ್ಳುತ್ತಿರಬೇಕು. ಕೆಂಪು ದೀಪವಿರುವಾಗಲೇ ಸ್ಕೂಟರ್ ನುಗ್ಗಿಸಿದಳು.

ಶೆಡ್ಡಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಎರಡೂ ಕೈಯಲ್ಲಿ ಬಡಿದಳು.

"ಅಪ್ಪಾ, ದೀಪ ಹಚ್ಬೇಡ! ಬಾಗಿಲು ತೆಗಿ!"

"ತಡ್ಕೊಳ್ಳೇ, ಗಾಳಿ ನುಗ್ಗುತ್ತೆ. ಒಂದೇ ನಿಮಿಷ."

"ಅದು ಹಳೇ ಗ್ಯಾಸಲ್ಲ ಅಪ್ಪಾ! ನಾನು..."

ಕಡ್ಡಿ ಗೀರಿದ ಸದ್ದು ಕೇಳಿಸಿತು. ಅದರ ಬೆನ್ನಿಗೇ ಭಗ್ಗೆಂದಿತು. ಕಿಟಕಿಯ ಗಾಜು ಅಂಗಳಕ್ಕೆ ಹಾರಿತು.

ಚಿಲಕ ಕಿತ್ತುಹೋಗುವವರೆಗೂ ಭುಜ ಕೊಟ್ಟು ದೂಡಿದಳು. ಬೆಂಕಿ ಹತ್ತಿದಷ್ಟೇ ಬೇಗ ಆರಿತ್ತು. ಅಪ್ಪ ನೆಲದ ಮೇಲೆ ಕೂತಿದ್ದರು. ಹುಬ್ಬುಗಳಿರಲಿಲ್ಲ. ಅಂಗೈ ಚರ್ಮ ಸುಲಿದು ಜೋತಾಡುತ್ತಿತ್ತು. ಎಳೆದು ತಂದು ಅಂಗಳದ ನಲ್ಲಿಯ ಕೆಳಗೆ ಆ ಕೈಗಳನ್ನು ಹಿಡಿಸಿದಳು. ಆಂಬುಲೆನ್ಸಿಗೆ ಫೋನ್ ಮಾಡಿ ವಿಳಾಸ ಹೇಳಿದಳು.

"ಹಸಿರಾಗ್ಲೇ ಇಲ್ಲ ಕಣೇ," ಎಂದರು ಅಪ್ಪ. "ಎಲ್ಲೋ ನಾನೇ ಎಡವಟ್ಟು ಮಾಡ್ದೆ. ಈ ಕೈಗಳನ್ನ ಇನ್ನು ನಂಬೋ ಹಾಗಿಲ್ಲ."

ಹಳೇ ಗ್ಯಾಸಲ್ಲ ಎಂದು ಬಾಗಿಲಾಚೆಯಿಂದ ಅವಳು ಕೂಗಿದ್ದು ಅವರಿಗೆ ಕೇಳಿಸಿಯೇ ಇರಲಿಲ್ಲ. ಸುಮ್ಮನಿದ್ದರೆ ಸಾಯುವವರೆಗೂ ತಮ್ಮದೇ ತಪ್ಪೆಂದುಕೊಳ್ಳುತ್ತಿದ್ದರು. ಅವಳು ಪರ್ಸಿನಿಂದ ಚೀಟಿ ತೆಗೆದು ಅವರ ಮುಖದೆದುರು ಹಿಡಿದಳು.

ಅಪ್ಪ ನಿಧಾನವಾಗಿ ಓದಿದರು, ಎರಡು ಸಲ.

"ನಿನ್ನ ಅಕ್ಷರ."

"ಹೂಂ ಅಪ್ಪ. ನಂದೇ ತಪ್ಪು."

ಬೈಯಲಿಲ್ಲ. ಬೈದಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು.

"ಹೋಗು, ಬಾಗಿಲಿಗೆ ಅಂಟಿಸಿ ಬಾ," ಎಂದರು. "ಒಳಗೆ ಇನ್ನೂ ಸೋರ್ತಿರ್ಬೋದು. ಗೊತ್ತಿಲ್ದೆ ಯಾರಾದ್ರೂ ಬಂದಾರು."