ಎಲ್ಲರ ಫಿಲ್ಟರ್

ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ಕೆಟ್ಟ ಮಷಿನ್‌ಗಳ ದೂರುಗಳೆಲ್ಲ ಕಂಪ್ಯೂಟರ್‌ಗೆ ಬರುತ್ತಿದ್ದವು. ಅವನ್ನು ನೋಡಿಕೊಳ್ಳುವ ವಾಣಿಶ್ರೀ, ರಿಪೇರಿಯಾಗದ ದೂರುಗಳು ಮಾತ್ರ ಕಾಣುವಂತೆ ಒಂದು ಫಿಲ್ಟರ್ ಮಾಡಿ, ಎಲ್ಲರೂ ಬಳಸಲೆಂದು ಸೇವ್ ಮಾಡಿಟ್ಟಿದ್ದಳು. ಸೂಪರ್‌ವೈಸರ್ ಮುನಿರಾಜ್ ಮಾತ್ರ ಅದನ್ನು ತೆರೆದಾಗಲೆಲ್ಲ ತನಗೆ ಬೇಕಾದಂತೆ ತಿದ್ದಿ, ಅದೇ ಹೆಸರಿನಲ್ಲಿ ಸೇವ್ ಮಾಡಿಬಿಡುತ್ತಿದ್ದ.

"ಸಾರ್, ನಿಮ್ದು ಬೇರೆ ಹೆಸರಲ್ಲಿ ಇಟ್ಕೊಳ್ಳಿ ಅಂತ ಎಷ್ಟ್ ಸಲ ಹೇಳ್ಲಿ?"

"ಸೇವ್ ಮಾಡ್ಲಾ ಅಂತ ಅದೇ ಕೇಳ್ತು ಕಣಮ್ಮ. ಹ್ಞೂಂ ಅಂದೆ."

ಒಂದು ಸೋಮವಾರ ವಾಣಿಶ್ರೀ ರಜೆ ಮುಗಿಸಿ ಬಂದಾಗ ಫಿಲ್ಟರ್‌ನಲ್ಲಿ ಹೆಚ್ಚು ದೂರುಗಳಿರಲಿಲ್ಲ. ಸದ್ಯ, ಕೆಲಸ ಆಗಿದೆ ಎಂದು ಅವಳು ನಿರಾಳವಾಗುವಷ್ಟರಲ್ಲಿ ಪ್ರೆಸ್ ಮಷಿನ್ ನಡೆಸುವ ಪಾಪಮ್ಮ ಒಳಗೆ ನುಗ್ಗಿದಳು.

"ಕೈಗೆ ಅಡ್ಡ ಇರೋ ಗಾರ್ಡ್ ಕಳಚ್ಕೊಂಡೈತೆ ಅಂತ ಶುಕ್ರವಾರವೇ ಬರ್ಸಿದ್ನಲ್ಲಮ್ಮ! ನನ್ ಬೆರಳು ಹೋದ್ಮೇಲೆ ಬತ್ತೀರಾ?"

ವಾಣಿಶ್ರೀ ಫಿಲ್ಟರ್‌ನ ಸೆಟ್ಟಿಂಗ್ ತೆರೆದು ನೋಡಿದಳು. ಕಂಪ್ರೆಸರ್ ದೂರುಗಳಷ್ಟೇ ಬರುವಂತೆ ಮುನಿರಾಜ್ ಬದಲಾಯಿಸಿದ್ದ. ಪ್ರೆಸ್ಸಿನ ದೂರು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವಳ ಮೈಯೆಲ್ಲ ಉರಿದುಹೋಯಿತು. ತಕ್ಷಣ ಪ್ರೆಸ್ ನಿಲ್ಲಿಸಿ ಫಿಟ್ಟರನ್ನು ಕಳಿಸಿದಳು. ಆಮೇಲೆ ತನ್ನ ಫಿಲ್ಟರನ್ನು ಮೊದಲಿನಂತೆ ಸರಿಪಡಿಸಿ, ಬೇರೆಯವರು ನೋಡಬಹುದು, ತಿದ್ದಲಾಗದು ಎಂಬಂತೆ ಮಾಡಿ, ಮುನಿರಾಜನ ಪಕ್ಕ ಕುಳಿತು ಅವನ ಹೆಸರಿನಲ್ಲೇ ಇನ್ನೊಂದನ್ನು ಸೇವ್ ಮಾಡಿಕೊಟ್ಟಳು.

"ಇದನ್ನ ಹೆಂಗ್ ಬೇಕಾದ್ರೂ ಕೆಡಿಸ್ಕೊಳ್ಳಿ ಸಾರ್."

ಮುನಿರಾಜನ ಮುಖ ಅರಳಿತು. "ಇಷ್ಟ್ ಸುಲಭಾನಾ? ಮೊದ್ಲೇ ಹೇಳ್ಬಾರ್ದಿತ್ತೇನಮ್ಮ?"

ವಾಣಿಶ್ರೀ ಹಲ್ಲು ಕಚ್ಚಿಕೊಂಡು ಎದ್ದು, ಗಾರ್ಡ್ ಕೂತಿತೋ ಇಲ್ಲವೋ ನೋಡಲು ಹೊರಟಳು.