ಸತುವಿನಲ್ಲಿ ಮಿಂದ ಸರಪಳಿ

ಹಲಗೇರಿ ಬಸ್ಸಿನಲ್ಲಿ ಟಿಕೆಟ್ ಕೇಳಿದರೆ ಕಂಡಕ್ಟರ್ 'ಆಂ?' ಅನ್ನುತ್ತಾನೆ, ನನ್ನ ದನಿ ಅಷ್ಟು ಸಣ್ಣದು. ಆ ದನಿಯಲ್ಲಿ ಇಂದು ಅಪ್ಪನ ಸಾವಿನ ಬಗ್ಗೆ ಮಾತಾಡಬೇಕಿತ್ತು. ಇನ್ನೊಂದು ಹೆದರಿಕೆ ಅವ್ವನಿಗೂ ಹೇಳಿರಲಿಲ್ಲ: ಸತ್ತ ದಿನದ ಮುಂಜಾನೆ ಅಪ್ಪನ ಬಾಯಿಂದ ಸೆರೆಯ ವಾಸನೆ ಬಂದಿತ್ತು.

"ಇವರಪ್ಪ ಮೈಲ್ಯಾ, ಕುಡಕ ಸೂಳೆಮಗ. ತಾನೂ ಸತ್ತ, ನನ್ನ ಕೆಲಸಾನೂ ನಿಂದರಿಸಿದ," ಎಂದ ಸಿದ್ದಲಿಂಗೇಶ ಸಾವ್ಕಾರ. ಕಬ್ಬಿಣದ ಕಂಬಗಳನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆಯುವ ಶೆಡ್ಡು ಅವನದು, ರಾಣೇಬೆನ್ನೂರಿನ ಹೊರಗೆ. ಹಾವೇರಿಯಿಂದ ವಿಚಾರಣೆಗೆ ಬಂದ ಸಾಹೇಬ ಅವನ ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ. ಅವ್ವ ಮತ್ತು ನಾನು ಶೆಡ್ಡಿನ ಆಫೀಸಿನ ಹೊಸ್ತಿಲಾಚೆ, ಚಪ್ಪಲಿಗಳ ನಡುವೆ.

"ಇಲ್ರಿ ಸಾಹೇಬ್ರ, ನನ್ನ ಗಂಡ ಹನಿನೂ ಮುಟ್ಟತಿದ್ದಿಲ್ರಿ."

"ಸುಳ್ಳು ಬೊಗಳಬ್ಯಾಡ ಗುಡ್ಡವ್ವ. ಹೆಣಾ ಕೊಯ್ದ ಡಾಕ್ಟರೇ ಬರದಾರ."

"ಮುರಿದ ಸರಪಳಿ ಹಳೇದಾ?" ಸಾಹೇಬ ಕೇಳಿದ.

"ಹೊಸಾದರಗತೆ ಐತ್ರಿ. ಹೆಂಗ ಹೊಳೀತೈತಿ ನೋಡ್ರಿ."

ಹೊಳೆಯದೆ ಏನು. ಅಪ್ಪ ಸಾಯುವ ಹಿಂದಿನ ವಾರ ದೊಡ್ಡ ಗಿರಾಕಿಗಳು ಬರುವವರಿದ್ದರು. ಭಾರ ಎತ್ತುವ ಸರಪಳಿಗೆ ತುಕ್ಕು ಹಿಡಿದಿತ್ತು. ಹೊಸದು ತರಿಸುವ ಬದಲು ಸಾವ್ಕಾರ ಅದನ್ನೇ ಸತುವಿನಲ್ಲಿ ಅದ್ದಿಸಿದ್ದ. "ಇವತ್ತ ಸರಪಳಿಗೂ ಎಣ್ಣಿ ಹಚ್ಚಿ ಎರದ್ವಿ ನೋಡವಾ, ಮದುಮಗಳಂಗ ಹೊಳ್ಯಾಕತ್ತೈತಿ," ಎಂದು ಉಣ್ಣುವಾಗ ಅಪ್ಪ ನಕ್ಕಿದ್ದ.

ಅಪ್ಪ ಹೋದ ಮೇಲೆ, ನಾನು ಬಿಎಸ್ಸಿ ಮುಗಿಸಿದ ಕಾಲೇಜಿನ ಗ್ರಂಥಾಲಯದಲ್ಲಿ ಹುಡುಕಿ ಓದಿದೆ. ಭಾರ ಎತ್ತುವ ಸರಪಳಿಯ ಉಕ್ಕು ಬಲು ಗಡಸು. ಅಂಥ ಉಕ್ಕಿನ ಕಣಗಳ ಸಂದಿಗೆ ಕರಗಿದ ಸತುವು ಇಳಿದರೆ ಒಳಗೆ ಬಿರುಕು, ಹೊರಗೆ ಬೆಳ್ಳಿ. ಮತ್ತೆ ಭಾರ ಬಿದ್ದಾಗ ಹಿಗ್ಗುವುದಿಲ್ಲ, ಹಪ್ಪಳದ ಹಾಗೆ ಮುರಿಯುತ್ತದೆ. ಸರಪಳಿ ಮುರಿದು ಕಂಬಗಳ ಕಟ್ಟು ಅಪ್ಪನ ಮೇಲೆ ಬಿದ್ದ ಜಾಗದಲ್ಲಿ ಸಿಕ್ಕ ಮುರುಕು ಕೊಂಡಿ ನನ್ನ ದುಪಟ್ಟಾದ ಗಂಟಿನಲ್ಲಿತ್ತು. ಅದನ್ನು ಸಾವ್ಕಾರನ ಬಾಯಿಗೆ ತುರುಕುವುದನ್ನು ದಿನಾ ನೆನೆದುಕೊಂಡೇ ಮಲಗುತ್ತಿದ್ದೆ.

"ಕಾಲೇಜು ಕಲ್ತಾಳಂತ, ಬಾಯೇ ಇಲ್ಲ," ಸಾವ್ಕಾರ ನಕ್ಕ. "ಮೀನಾಕ್ಷಿ, ನೀನರ ಖರೇ ಹೇಳವಾ. ನಿಮ್ಮಪ್ಪ ಕುಡದಿದ್ನೋ ಇಲ್ಲೋ?"

ಅವ್ವ ನನ್ನ ಕೈ ಚಿವುಟಿದಳು. ನಾನು ಚಪ್ಪಲಿ ಬಿಡದೆ ಒಳಗೆ ಹೋದೆ. ಸಾಹೇಬನ ಚಹಾದ ಬಸಿಯ ಪಕ್ಕ ಕೊಂಡಿ ಇಟ್ಟೆ.

"ಕುಡದಿದ್ದ್ರಿ."

ಸಾವ್ಕಾರನ ಮುಖ ಅರಳಿತು. ಯಾರೂ 'ಆಂ?' ಅನ್ನಲಿಲ್ಲ.

"ಕುಡದಾಂವ ಕೆಳಗ ನಿಂತಿದ್ದ. ಮುರದಿದ್ದು ಮ್ಯಾಲಿನ ಸರಪಳಿ. ಅದನ್ನ ಸತುವಿನ್ಯಾಗ ಅದ್ದಿಸಿದಾಂವ ಇಲ್ಲೇ ಕುಂತಾನ. ಅಂವ ಕುಡದಿದ್ದಿಲ್ರಿ."